ನೂಲು, ಬಟ್ಟೆಗೆ ನಮ್ಮದೇ ಬಣ್ಣ: ಹಾಕುವುದು ಹೇಗೆ, ಕಲಿಸುವುದು ಹೇಗೆ

ಬಿಳಿ ನೂಲಿನ ಲಡಿಯೊಂದು ಬಣ್ಣದ ನೀರಿಗೆ ಇಳಿಯುತ್ತದೆ. ಒಂದು ಗಂಟೆಯಲ್ಲಿ ಆ ನೀರಿನ ಬಣ್ಣವನ್ನೆಲ್ಲ ತಾನೇ ಹೀರಿಕೊಂಡು, ನೀರನ್ನು ತಿಳಿಯಾಗಿ ಬಿಟ್ಟು ಮೇಲೆ ಬರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಸಾಕೆನಿಸಿಲ್ಲ. ಪಕ್ಕದಲ್ಲಿ ನಿಂತವರು ಇದನ್ನು ಮೊದಲ ಸಲ ನೋಡುತ್ತಿದ್ದರೆ ಖುಷಿ ಇನ್ನೂ ಜಾಸ್ತಿ.

ಬಣ್ಣ ಹಾಕುವುದು ಕಷ್ಟದ ಕೆಲಸವೇನಲ್ಲ. ಆದರೆ ಅದಕ್ಕೆ ಮುಂಚೆ ತೂಗುವ, ತೊಳೆಯುವ, ನೆನೆಹಾಕುವ ಕೆಲಸ ಇದೆ. ಅದು ಸರಿಯಾಗಿ ಆಗಿದ್ದರೆ ಮಾತ್ರ ಬಣ್ಣದ ಜೊತೆ ನಿಶ್ಚಿಂತೆಯಿಂದ ಆಡಬಹುದು. ಕಲಿಸುವವರಿಗೆ ನಾನು ಹೇಳುವುದು ಇಷ್ಟು: ಈ ಮುಂಚಿನ ಕೆಲಸವನ್ನೆಲ್ಲ ನೀವೇ ಮುಗಿಸಿಟ್ಟುಕೊಳ್ಳಿ. ಮೊದಲ ದಿನವೇ ಕಲಿಯುವವರ ಕೈಗೆ ಬಣ್ಣ ಕೊಡಿ. ಲೆಕ್ಕ, ರಸಾಯನಶಾಸ್ತ್ರ ಎಲ್ಲ ಆಮೇಲೆ ಬರಲಿ.

ನಾರು ಯಾವುದು ಅಂತ ಮೊದಲು ತಿಳಿದುಕೊಳ್ಳಿ

ಬಣ್ಣದ ಪುಡಿ ಕೊಳ್ಳುವ ಮುಂಚೆ ನಿಮ್ಮ ನೂಲು ಯಾವುದರಿಂದ ಆಗಿದೆ ಅಂತ ಗೊತ್ತಿರಬೇಕು. ಒಂದು ನಾರಿಗೆ ಹಿಡಿಯುವ ಬಣ್ಣ ಇನ್ನೊಂದಕ್ಕೆ ಹಿಡಿಯುವುದಿಲ್ಲ.

ಉಣ್ಣೆ, ರೇಷ್ಮೆಯಂಥ ಪ್ರಾಣಿಜನ್ಯ ನಾರಿಗೆ ಆಸಿಡ್ ಡೈ ಬೇಕು. ನೈಲಾನ್‌ಗೂ ಇದೇ ಆಗುತ್ತದೆ. ಆಸಿಡ್ ಅನ್ನುವ ಹೆಸರು ಕೇಳಿ ಹೆದರಬೇಡಿ, ಇಲ್ಲಿ ಬಳಸುವುದು ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಅಷ್ಟೇ. ಹತ್ತಿ, ಲಿನನ್, ವಿಸ್ಕೋಸ್‌ಗೆ ರಿಯಾಕ್ಟಿವ್ ಡೈ ಬೇಕು. ಪಾಲಿಯೆಸ್ಟರ್‌ಗೆ ಬೇಕಾದ ಡಿಸ್ಪರ್ಸ್ ಡೈ ತುಂಬಾ ಬಿಸಿ ಕೇಳುತ್ತದೆ. ಹೊಸಬರು ಅದರ ಗೋಜಿಗೆ ಹೋಗದಿರುವುದೇ ಒಳ್ಳೆಯದು. ಅಕ್ರಿಲಿಕ್ ನೂಲನ್ನೂ ಸದ್ಯಕ್ಕೆ ಬದಿಗಿಡಿ.

ಲೇಬಲ್ ಇಲ್ಲದ ನೂಲಾದರೆ ಒಂದು ಚಿಕ್ಕ ತುಂಡನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಪಕ್ಕದಲ್ಲಿ ಒಂದು ಬಟ್ಟಲು ನೀರು ಇರಲಿ. ಹತ್ತಿ ಕಾಗದದ ವಾಸನೆ ಬೀರುತ್ತಾ ಉರಿದು ಮೆತ್ತಗಿನ ಬೂದಿಯಾಗುತ್ತದೆ. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಕೊನೆಗೆ ಉಳಿಯುವ ಕರಿಯನ್ನು ಆರಿದ ಮೇಲೆ ಬೆರಳಲ್ಲಿ ಪುಡಿ ಮಾಡಬಹುದು. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಅದನ್ನು ಒಡೆಯಲು ಆಗುವುದಿಲ್ಲ.

ಹೊಲಿದ ಉಡುಪಿಗೆ ಬಣ್ಣ ಹಾಕುವವರು ದಾರವನ್ನೂ ನೋಡಿಕೊಳ್ಳಬೇಕು. ಬಟ್ಟೆ ಅಪ್ಪಟ ಹತ್ತಿಯೇ ಇರಬಹುದು. ಆದರೆ ಹೊಲಿಗೆಯ ದಾರ ಸಾಮಾನ್ಯವಾಗಿ ಪಾಲಿಯೆಸ್ಟರ್. ಅಂಗಿ ಕಡು ನೀಲಿಯಾದರೂ ಹೊಲಿಗೆಯ ಗೆರೆ ಮಾತ್ರ ಬೆಳ್ಳಗೆ ಉಳಿಯುತ್ತದೆ. ನನಗೆ ಅದು ಚೆಂದವೇ ಕಾಣುತ್ತದೆ. ಆದರೆ ಕಲಿಯಲು ಬಂದವರಿಗೆ ಮೊದಲೇ ಹೇಳಿರಬೇಕು.

ಪಾತ್ರೆ, ತಕ್ಕಡಿ, ಮಾಸ್ಕ್

ಬಣ್ಣಕ್ಕೆ ಬಳಸಿದ ಪಾತ್ರೆ ಅಡುಗೆಗೆ ವಾಪಸ್ ಹೋಗಬಾರದು. ಚಮಚಕ್ಕೂ ಇದೇ ನಿಯಮ. ಒಂದು ದೊಡ್ಡ ಸ್ಟೀಲ್ ಪಾತ್ರೆ, ಒಂದೆರಡು ಬಕೆಟ್, ಅಳತೆಯ ಜಾಡಿ, ಸೂಜಿಯಿಲ್ಲದ ಸಿರಿಂಜ್, ಥರ್ಮಾಮೀಟರ್, ಗ್ಲೌಸ್, ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಸಾಕು. ಅಲ್ಯೂಮಿನಿಯಂ, ಕಬ್ಬಿಣ, ತಾಮ್ರದ ಪಾತ್ರೆ ಬೇಡ. ಅವು ನೀರಿನಲ್ಲಿರುವ ಆಮ್ಲ, ಕ್ಷಾರಗಳ ಜೊತೆ ಸೇರಿ ಬಣ್ಣವನ್ನು ಬದಲಿಸಿಬಿಡುತ್ತವೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಒಣ ಪುಡಿ ತೂಗುವಾಗ ಧೂಳು ತಡೆಯುವ ಒಳ್ಳೆಯ ಮಾಸ್ಕ್ ಹಾಕಲೇಬೇಕು. ರಿಯಾಕ್ಟಿವ್ ಡೈ ಪುಡಿ ಉಸಿರಿನ ಜೊತೆ ಒಳಗೆ ಹೋದರೆ ಕೆಲವರಿಗೆ ಅಲರ್ಜಿ ಹತ್ತಿಕೊಳ್ಳುತ್ತದೆ. ಒಮ್ಮೆ ಹತ್ತಿದರೆ ಅದು ಮತ್ತೆ ಮತ್ತೆ ಕಾಡುತ್ತದೆ. ಫ್ಯಾನ್ ಆರಿಸಿ, ಒದ್ದೆ ಪೇಪರ್ ಹಾಸಿ, ಅದರ ಮೇಲೆ ತೂಗಿ. ಚೆಲ್ಲಿದ ಪುಡಿ ಒದ್ದೆ ಪೇಪರಿಗೆ ಅಂಟಿಕೊಳ್ಳುತ್ತದೆ, ಗಾಳಿಗೆ ಹಾರುವುದಿಲ್ಲ. ಪುಡಿ ನೀರಿನಲ್ಲಿ ಕರಗಿದ ಮೇಲೆ ಆ ಭಯ ಇಲ್ಲ.

ಲಡಿ ಕಟ್ಟುವುದು, ತೊಳೆಯುವುದು, ನೆನೆಹಾಕುವುದು

ಉಂಡೆ ಸುತ್ತಿದ ನೂಲಿಗೆ ಬಣ್ಣ ಒಳಗೆ ಇಳಿಯುವುದಿಲ್ಲ. ಮೊದಲು ಅದನ್ನು ಕುರ್ಚಿಯ ಬೆನ್ನಿಗೋ ಮೊಣಕಾಲಿಗೋ ಸುತ್ತಿ ದೊಡ್ಡ ಲಡಿ ಮಾಡಿ. ನಾಲ್ಕು ಕಡೆ ಇಂಗ್ಲಿಷ್ ಎಂಟರ ಆಕಾರದಲ್ಲಿ ದಾರ ಹಾಯಿಸಿ ಸಡಿಲವಾಗಿ ಕಟ್ಟಿ. ಬಿಗಿಯಾಗಿ ಕಟ್ಟಿದರೆ ಆ ಜಾಗ ಬಿಳಿಯಾಗಿಯೇ ಉಳಿಯುತ್ತದೆ. ಎಲ್ಲೂ ಕಟ್ಟದೆ ಬಿಟ್ಟರೆ ಸಿಕ್ಕು ಬಿಡಿಸುವುದರಲ್ಲೇ ದಿನ ಹೋಗುತ್ತದೆ.

ಬಟ್ಟೆ, ನೂಲು ಎರಡರಲ್ಲೂ ಎಣ್ಣೆ, ಗಂಜಿ, ಮೇಣ ಇರುತ್ತವೆ. ಉಣ್ಣೆಯನ್ನು ಉಗುರುಬೆಚ್ಚಗಿನ ನೀರು, ಮೆದು ಸೋಪಿನಲ್ಲಿ ಉಜ್ಜದೆ ತೊಳೆಯಿರಿ. ಹತ್ತಿಯನ್ನು ಸ್ವಲ್ಪ ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್ ಅನ್ನುವ ಕ್ಷಾರದ ಪುಡಿ), ಸ್ವಲ್ಪ ಡಿಟರ್ಜೆಂಟ್ ಹಾಕಿ ಒಂದು ಗಂಟೆ ಕುದಿಸಿ. ಬಿಳಿ ಬಟ್ಟೆಯಿಂದ ಹಳದಿ ನೀರು ಬರುವುದನ್ನು ನೋಡಿದರೆ ಈ ಹೆಜ್ಜೆ ಯಾಕೆ ಬೇಕು ಅಂತ ತಾನಾಗಿ ಅರ್ಥವಾಗುತ್ತದೆ. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ತಕ್ಷಣ ಹೀರಿಕೊಂಡರೆ ಬಟ್ಟೆ ಸಿದ್ಧ. ಹನಿ ಮೇಲೆಯೇ ಕೂತರೆ ಇನ್ನೊಮ್ಮೆ ತೊಳೆಯಬೇಕು.

ಒಣಗಿದ್ದಾಗಲೇ ತೂಕ ಬರೆದಿಟ್ಟುಕೊಳ್ಳಿ. ಆಮೇಲೆ ಕನಿಷ್ಠ ಅರ್ಧ ಗಂಟೆ ನೀರಿನಲ್ಲಿ ನೆನೆಹಾಕಿ. ಒಣ ಉಣ್ಣೆಯನ್ನು ನೇರವಾಗಿ ಬಣ್ಣಕ್ಕೆ ಇಳಿಸಿದರೆ ಬಣ್ಣ ಮಚ್ಚೆ ಮಚ್ಚೆಯಾಗಿ ಹಿಡಿಯುತ್ತದೆ.

ಒಂದು ಪರ್ಸೆಂಟ್ ಲೆಕ್ಕ

ಇಡೀ ಕೆಲಸದಲ್ಲಿ ಗಣಿತ ಇಷ್ಟೇ. ಅದನ್ನು ಕಲಿತರೆ ಇವತ್ತು ಬಂದ ಬಣ್ಣವನ್ನು ಮುಂದಿನ ವರ್ಷವೂ ತರಬಹುದು.

ಬಣ್ಣವನ್ನು ಅಳೆಯುವುದು ಒಣ ನೂಲಿನ ತೂಕದ ಮೇಲೆ, ನೀರಿನ ಮೇಲಲ್ಲ. 100 ಗ್ರಾಂ ನೂಲಿಗೆ 1 ಗ್ರಾಂ ಪುಡಿ ಅಂದರೆ 1 ಪರ್ಸೆಂಟ್ ಗಾಢತೆ. ಸಾಮಾನ್ಯವಾಗಿ 0.5 ಪರ್ಸೆಂಟ್ ಅಂದರೆ ತಿಳಿ ಬಣ್ಣ, 1 ಅಂದರೆ ಮಧ್ಯಮ, 2 ಅಂದರೆ ಗಾಢ. ಕಪ್ಪಿಗೆ 4ರವರೆಗೂ ಬೇಕಾಗಬಹುದು. ಕಾಲು ಗ್ರಾಂ ಪುಡಿಯನ್ನು ಮನೆಯ ತಕ್ಕಡಿಯಲ್ಲಿ ತೂಗುವುದು ಕಷ್ಟ. ಅದಕ್ಕೇ ಮೊದಲು ದ್ರಾವಣ ಮಾಡಿಟ್ಟುಕೊಳ್ಳುತ್ತೇವೆ. 5 ಗ್ರಾಂ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು 500 ಮಿಲಿಗೆ ಬರುವಷ್ಟು ನೀರು ಸೇರಿಸಿ. ಇದು 1 ಪರ್ಸೆಂಟ್ ದ್ರಾವಣ. ಆಸಿಡ್ ಡೈ ಆದರೆ ಬಿಸಿ ನೀರು, ರಿಯಾಕ್ಟಿವ್ ಡೈ ಆದರೆ ಉಗುರುಬೆಚ್ಚಗಿನ ನೀರು.

ಈಗ ಸೂತ್ರ: ನೂಲಿನ ಗ್ರಾಂ ಅನ್ನು ಬೇಕಾದ ಪರ್ಸೆಂಟ್‌ನಿಂದ ಗುಣಿಸಿದರೆ ದ್ರಾವಣ ಎಷ್ಟು ಮಿಲಿ ಅಂತ ಸಿಗುತ್ತದೆ. 50 ಗ್ರಾಂ ನೂಲು, 2 ಪರ್ಸೆಂಟ್ ಗಾಢತೆ ಅಂದರೆ 100 ಮಿಲಿ. ಬಣ್ಣ ಬೆರೆಸುವುದಕ್ಕೂ ಇದೇ ಲೆಕ್ಕ. 100 ಗ್ರಾಂ ನೂಲಿಗೆ ಹಳದಿ 70 ಮಿಲಿ, ನೀಲಿ 20, ಕೆಂಪು 10 ಹಾಕಿದರೆ ಪಾಚಿ ಹಸಿರಿನ ಆಸುಪಾಸು ಬರುತ್ತದೆ. ಕೆಂಪನ್ನು 5ಕ್ಕೆ ಇಳಿಸಿದರೆ ಹಸಿರು ಚುರುಕಾಗುತ್ತದೆ. ಆ 5 ಮಿಲಿ ಎಷ್ಟು ವ್ಯತ್ಯಾಸ ಮಾಡುತ್ತದೆ ಅಂತ ಕಣ್ಣಾರೆ ಕಂಡವರು ಮತ್ತೆ ಅಂದಾಜಿನಲ್ಲಿ ಸುರಿಯುವುದಿಲ್ಲ.

ಆಸಿಡ್ ಡೈ ದ್ರಾವಣ ತಿಂಗಳುಗಟ್ಟಲೆ ಇರುತ್ತದೆ. ರಿಯಾಕ್ಟಿವ್ ಡೈ ಹಾಗಲ್ಲ. ಅದು ನೀರಿನ ಜೊತೆಯೇ ಪ್ರತಿಕ್ರಿಯಿಸುತ್ತಾ ದಿನದಿಂದ ದಿನಕ್ಕೆ ಕಸುವು ಕಳೆದುಕೊಳ್ಳುತ್ತದೆ. ಅದನ್ನು ತಂಪಿನಲ್ಲಿಟ್ಟು ಒಂದು ವಾರದೊಳಗೆ ಬಳಸಿ ಮುಗಿಸಿ.

ಉಣ್ಣೆ ನೂಲಿಗೆ ಬಣ್ಣ

100 ಗ್ರಾಂ ನೂಲಿಗೆ ಎರಡೂವರೆಯಿಂದ ಮೂರು ಲೀಟರ್ ನೀರು ಇಡಿ. ನೀರು ಉಗುರುಬೆಚ್ಚಗಿರುವಾಗಲೇ ಬಣ್ಣದ ದ್ರಾವಣ ಹಾಕಿ ಕಲಕಿ, ನೆನೆದ ಲಡಿಯನ್ನು ಇಳಿಸಿ. ಉರಿ ಸಣ್ಣಗಿರಲಿ. ಅರ್ಧ ಗಂಟೆಯಲ್ಲಿ ನಿಧಾನಕ್ಕೆ 85–90 ಡಿಗ್ರಿ ಸೆಲ್ಸಿಯಸ್‌ಗೆ ಬರಬೇಕು. ರೇಷ್ಮೆಯಾದರೆ 85 ದಾಟದಿರಲಿ, ಹೊಳಪು ಹೋಗುತ್ತದೆ. ಮಧ್ಯದಲ್ಲಿ ಲಡಿಯನ್ನು ಒಂದು ಕಡೆಗೆ ಎತ್ತಿ, ನೀರಿಗೆ ಒಂದು ಚಮಚ ಸಿಟ್ರಿಕ್ ಆಸಿಡ್ ಇಲ್ಲವೇ ಮೂರು ನಾಲ್ಕು ದೊಡ್ಡ ಚಮಚ ವಿನೆಗರ್ ಹಾಕಿ ಕಲಕಿ. ಆ ಬಿಸಿಯಲ್ಲೇ ಇನ್ನರ್ಧ ಗಂಟೆ ಬಿಡಿ.

ಹುಳಿಯನ್ನು ಮೊದಲೇ ಹಾಕಿದರೆ ಏನಾಗುತ್ತದೆ? ಬಣ್ಣ ಓಡಿ ಬಂದು ಮೊದಲು ಸಿಕ್ಕ ಎಳೆಗೆ ಅಂಟಿಕೊಳ್ಳುತ್ತದೆ. ಒಂದೇ ಲಡಿಯಲ್ಲಿ ಗಾಢ, ತಿಳಿ ಎರಡೂ ಬರುತ್ತವೆ. ಕೆಲವರು ಬೇಕೆಂದೇ ಹೀಗೆ ಮಾಡುತ್ತಾರೆ, ಹೆಣೆದಾಗ ತುಂಬಾ ಚೆನ್ನಾಗಿ ಕಾಣುತ್ತದೆ. ಎಲ್ಲ ಕಡೆ ಒಂದೇ ಬಣ್ಣ ಬೇಕಿದ್ದರೆ ಹುಳಿ ತಡವಾಗಿ, ಬಿಸಿ ನಿಧಾನವಾಗಿ. ಮೆಷಿನ್‌ನಲ್ಲಿ ತೊಳೆಯಬಹುದಾದ ಸೂಪರ್‌ವಾಶ್ ಉಣ್ಣೆ ಬಣ್ಣವನ್ನು ಬೇಗ ಎಳೆದುಕೊಳ್ಳುತ್ತದೆ, ಗಾಢವಾಗಿಯೂ ಹಿಡಿಯುತ್ತದೆ. ಅಲ್ಲಿ ಇನ್ನಷ್ಟು ನಿಧಾನ ಬೇಕು.

ಸಾಕಾಯಿತಾ ಅಂತ ನೋಡಲು ಬಿಳಿ ಬಟ್ಟಲಿಗೆ ಒಂದು ಸೌಟು ನೀರು ತೆಗೆಯಿರಿ. ಮೊದಲ ಹತ್ತು ನಿಮಿಷದಲ್ಲಿ ಅದು ಗಾಢ ನೇರಳೆ ಇದ್ದರೆ, ಸ್ವಲ್ಪ ಹೊತ್ತಿಗೆ ತಿಳಿ ನೀಲಿಯಾಗುತ್ತದೆ. ಅಂದರೆ ಕೆಂಪು ಮೊದಲು ನೂಲಿಗೆ ಹೋಗಿದೆ, ನೀಲಿ ಇನ್ನೂ ನೀರಿನಲ್ಲಿದೆ. ಕೊನೆಗೆ ಬಟ್ಟಲಿನ ತಳ ನಿಚ್ಚಳವಾಗಿ ಕಾಣುತ್ತದೆ. ಆಗ ಒಲೆ ಆರಿಸಿ, ಲಡಿಯನ್ನು ಅದೇ ನೀರಿನಲ್ಲಿ ಆರಲು ಬಿಡಿ. ಬಿಸಿ ಉಣ್ಣೆಯನ್ನು ತಣ್ಣೀರಿಗೆ ಹಾಕಿ ಉಜ್ಜಿದರೆ ಗಟ್ಟಿಯಾಗಿ ಗಂಟುಕಟ್ಟಿಕೊಳ್ಳುತ್ತದೆ. ಮತ್ತೆ ಬಿಡಿಸಲು ಆಗುವುದೇ ಇಲ್ಲ. ಪೂರ್ತಿ ಆರಿದ ಮೇಲೆ ಜಾಲಿಸಿ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಒಣಹಾಕಿ.

ಹತ್ತಿ ಬಟ್ಟೆಗೆ ಬಣ್ಣ

ಹತ್ತಿಗೆ ಬಣ್ಣ ಹಿಡಿಸಲು ಒಲೆಯೇ ಬೇಡ. 1856ರಲ್ಲಿ 18 ವರ್ಷದ ವಿಲಿಯಂ ಪರ್ಕಿನ್ ಮಲೇರಿಯಾದ ಔಷಧ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣವೊಂದನ್ನು ಕಂಡುಕೊಂಡರು. ಕೃತಕ ಬಣ್ಣಗಳ ಉದ್ಯಮ ಶುರುವಾದದ್ದು ಅಲ್ಲಿಂದ. ಆದರೆ ನೀರಿನಲ್ಲಿ ಸುಲಭವಾಗಿ ಕರಗಿ, ತಣ್ಣಗಿನ ನೀರಿನಲ್ಲೇ ಹತ್ತಿಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಬಣ್ಣ ಮಾರುಕಟ್ಟೆಗೆ ಬರಲು ಮತ್ತೆ 100 ವರ್ಷ ಬೇಕಾಯಿತು. 1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಪ್ರೋಸಿಯಾನ್ ಹೆಸರಿನಲ್ಲಿ ಅದನ್ನು ತಂದಿತು. ಇವತ್ತು ಮನೆಯಲ್ಲಿ ಕೂತು ಹತ್ತಿಗೆ ಗಾಢ ಬಣ್ಣ ಹಾಕಲು ಆಗುತ್ತಿರುವುದು ರಿಯಾಕ್ಟಿವ್ ಡೈ ಅನ್ನುವ ಆ ಜಾತಿಯ ಬಣ್ಣಗಳಿಂದ.

ಬೆಸುಗೆ ಆಗಬೇಕಾದರೆ ಕ್ಷಾರ ಬೇಕು. ಒಂದು ಲೀಟರ್ ನೀರಿಗೆ ಸುಮಾರು 50 ಗ್ರಾಂ ಸೋಡಾ ಆಶ್ ಕರಗಿಸಿ, ಬಟ್ಟೆಯನ್ನು ಅದರಲ್ಲಿ ಕಾಲು ಗಂಟೆ ನೆನೆಹಾಕಿ. ಅಡುಗೆ ಸೋಡಾ ಈ ಕೆಲಸಕ್ಕೆ ಸಾಲದು. ಸೋಡಾ ನೀರು ಚರ್ಮವನ್ನು ಸುಡುತ್ತದೆ, ಗ್ಲೌಸ್ ತೆಗೆಯಬೇಡಿ. ಬಟ್ಟೆಯನ್ನು ಹಿಂಡಿ, ಮಡಿಸಿ, ರಬ್ಬರ್ ಬ್ಯಾಂಡ್‌ನಿಂದ ಬಿಗಿಯಾಗಿ ಕಟ್ಟಿ. ನೂಲಿನ ಲಡಿಗೆ ಸಡಿಲ ಬೇಕಿತ್ತು, ಇಲ್ಲಿ ಬಿಗಿ ಬೇಕು. ಬಣ್ಣ ಹೋಗದ ಜಾಗವೇ ಇಲ್ಲಿ ವಿನ್ಯಾಸ. ನೇರವಾಗಿ ಹಾಕುವುದಕ್ಕೆ ಗಟ್ಟಿ ದ್ರಾವಣ ಬೇಕು, 100 ಮಿಲಿ ನೀರಿಗೆ 2ರಿಂದ 4 ಗ್ರಾಂ ಪುಡಿ. ಬಾಟಲಿಯಿಂದ ಹಿಂಡಿ, ಮಡಿಕೆಗಳ ಒಳಕ್ಕೂ ಇಳಿಸಿ.

ಆಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಬೆಚ್ಚಗಿನ ಜಾಗದಲ್ಲಿ 24 ಗಂಟೆ ಇಡಿ. ಬಟ್ಟೆ ಒಣಗಿದರೆ ಬೆಸುಗೆ ನಿಂತುಹೋಗುತ್ತದೆ, ತೀರಾ ತಂಪಿದ್ದರೂ ಅಷ್ಟೇ. ತೊಳೆಯುವಾಗ ಮೊದಲು ತಣ್ಣೀರು, ಸೋಡಾ ಹೋಗಲಿ. ನಂತರ ಡಿಟರ್ಜೆಂಟ್ ಹಾಕಿದ ಚೆನ್ನಾಗಿ ಬಿಸಿಯಿರುವ ನೀರು, ಒಂದೆರಡು ಸಲ. ನಾರಿಗೆ ಅಂಟದೆ ಉಳಿದ ಬಣ್ಣ ಬಿಸಿ ನೀರಿಗೇ ಬಿಡುವುದು. ಪೂರ್ತಿ ಹೋಯಿತಾ ಅಂತ ತಿಳಿಯಲು ಒದ್ದೆ ಬಟ್ಟೆಯನ್ನು ಒಂದು ಬಿಳಿ ಬಟ್ಟೆಗೆ ಒತ್ತಿ ರಾತ್ರಿಯಿಡೀ ಇಡಿ. ಬಿಳಿಗೆ ಕಲೆಯಾಗದಿದ್ದರೆ ಬೇರೆ ಬಟ್ಟೆಗಳ ಜೊತೆ ಒಗೆಯಬಹುದು.

ಗಿಡದ ಬಣ್ಣದ ಬಗ್ಗೆ ಸ್ವಲ್ಪ

ಗಿಡದ ಬಣ್ಣ ಅಂದ ಮಾತ್ರಕ್ಕೆ ಸುಲಭ ಅಂತಲ್ಲ. ಹೆಚ್ಚಿನವು ನಾರಿಗೆ ಅಂಟಿಕೊಳ್ಳಬೇಕಾದರೆ ನಾರಿಗೆ ಮೊದಲು ಪಟಿಕ ಹಿಡಿಸಬೇಕು. ಉಣ್ಣೆಯ ತೂಕದ ಸುಮಾರು 15 ಪರ್ಸೆಂಟ್ ಪಟಿಕ ಕರಗಿಸಿದ ನೀರಿನಲ್ಲಿ ಸಣ್ಣ ಉರಿಯಲ್ಲಿ ಒಂದು ಗಂಟೆ ಇಟ್ಟು ಆರಲು ಬಿಡಿ. ಶುರು ಮಾಡಲು ಒಣ ಈರುಳ್ಳಿ ಸಿಪ್ಪೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ನೂಲಿನಷ್ಟೇ ತೂಕದ ಸಿಪ್ಪೆ ಕುದಿಸಿ ಸೋಸಿದರೆ ಹೊನ್ನಿನ ಬಣ್ಣದಿಂದ ಕಿತ್ತಳೆಯವರೆಗೆ ಬರುತ್ತದೆ. ಚಿಟಿಕೆ ಕಬ್ಬಿಣದ ಸಲ್ಫೇಟ್ ಸೇರಿಸಿದರೆ ಅದೇ ಬಣ್ಣ ಪಾಚಿಗೆ ತಿರುಗುತ್ತದೆ. ಚಿಟಿಕೆ ಮೀರಿದರೆ ಉಣ್ಣೆ ಒರಟಾಗುತ್ತದೆ. ಅರಿಶಿನ ಕಣ್ಣಿಗೆ ಹಬ್ಬ, ಆದರೆ ಬಿಸಿಲಿಗೆ ಬೇಗ ಹಾರಿಹೋಗುತ್ತದೆ. ಹಳೆಯ ಪುಸ್ತಕಗಳಲ್ಲಿ ಪಟಿಕದ ಬದಲು ಕ್ರೋಮ್ ಬಳಸಿ ಅಂತ ಇದ್ದರೆ ಬಿಟ್ಟುಬಿಡಿ, ಅದು ವಿಷ.

ಯಾವ ಬಣ್ಣವಾದರೂ ಒಂದು ತುಂಡಿನ ಅರ್ಧಕ್ಕೆ ರಟ್ಟು ಮುಚ್ಚಿ ಕೆಲವು ವಾರ ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಆಮೇಲೆ ಎರಡು ಅರ್ಧಗಳನ್ನು ಹೋಲಿಸಿದರೆ ಬಿಸಿಲಿಗೆ ಬಣ್ಣ ಎಷ್ಟು ಹಾರಿದೆ ಅಂತ ಗೊತ್ತಾಗುತ್ತದೆ. ಬೇರೆಯವರಿಗೆ ಉಡುಗೊರೆ ಕೊಡುವ ಮುಂಚೆಯಂತೂ ಇದನ್ನು ಮಾಡಲೇಬೇಕು.

ಕಲಿಸುವಾಗ

ಒಬ್ಬರು ಕಲಿಸುವುದಾದರೆ ಆರು ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಯಾರ ಕೈ ಎಲ್ಲಿದೆ ಅಂತ ನೋಡಿಕೊಳ್ಳಲು ಆಗುವುದಿಲ್ಲ. ಪುಡಿ ತೂಗುವುದನ್ನು ಯಾರೂ ಇಲ್ಲದಾಗ ಮುಗಿಸಿ, ತರಗತಿಗೆ ದ್ರಾವಣ ಮಾತ್ರ ತನ್ನಿ. ಉಬ್ಬಸ ಇರುವವರು ಬರಬಹುದು, ಮಕ್ಕಳೂ ಬರಬಹುದು. ಒಂದು ಷರತ್ತು: ಮಕ್ಕಳಿಗೆ ಪುಡಿ, ಒಲೆ, ಸೋಡಾ ನೀರು ಯಾವುದೂ ಬೇಡ. ಅವರ ಬಟ್ಟೆಯನ್ನು ನೀವೇ ನೆನೆಸಿ ಹಿಂಡಿ ಕೊಡಿ, ಗ್ಲೌಸ್ ಹಾಕಿಸಿ.

ಮೊದಲ ದಿನಕ್ಕೆ ಕರವಸ್ತ್ರದಷ್ಟು ಅಗಲದ ಹತ್ತಿ ಬಟ್ಟೆ ಒಳ್ಳೆಯದು. ಮೂರೇ ಬಾಟಲಿ ಇಡಿ: ಹಳದಿ, ಮಜೆಂಟಾ, ಟರ್ಕೋಯಿಸ್. ಹತ್ತು ಬಣ್ಣ ಇಟ್ಟರೆ ಆರಿಸುವುದರಲ್ಲೇ ಹೊತ್ತು ಹೋಗುತ್ತದೆ. ಮೂರಿದ್ದರೆ ಬೆರೆಸಲು ಕೈ ತಾನಾಗಿ ಹೋಗುತ್ತದೆ. ಯಾರಾದರೂ ಮೂರನ್ನೂ ಒಂದೇ ಕಡೆ ಸುರಿದು ಕಂದು ಬರಿಸುತ್ತಾರೆ. ಬರಿಸಲಿ. “ಇದೇನು ಹೀಗಾಯ್ತು?” ಅಂತ ಅವರು ಕೇಳಿದಾಗ ಎಲ್ಲರನ್ನೂ ಹತ್ತಿರ ಕರೆಯಿರಿ. ಮೂರು ಮೂಲ ಬಣ್ಣ ಸೇರಿದರೆ ಕಂದು ಬರುತ್ತದೆ ಅನ್ನುವುದನ್ನು ಆಗ ಒಮ್ಮೆ ಹೇಳಿದರೆ ಸಾಕು, ಯಾರೂ ಮರೆಯುವುದಿಲ್ಲ.

ಇಲ್ಲೊಂದು ತೊಡಕಿದೆ. ಬಟ್ಟೆ 24 ಗಂಟೆ ಕೂರಬೇಕು, ಬಂದವರಿಗೆ ಈಗಲೇ ಬಿಚ್ಚುವ ಆಸೆ. ಅದಕ್ಕೆ ನೀವು ಹಿಂದಿನ ದಿನವೇ ಒಬ್ಬೊಬ್ಬರಿಗೆ ಒಂದರಂತೆ ಬಟ್ಟೆ ಕಟ್ಟಿ ಬಣ್ಣ ಹಾಕಿಟ್ಟಿರಿ. ತಮ್ಮದನ್ನು ಕಟ್ಟಿಟ್ಟ ಮೇಲೆ ಆ ಹಳೆಯದನ್ನು ಅವರೇ ಬಿಚ್ಚಿ ತೊಳೆಯಲಿ. ರಬ್ಬರ್ ಬ್ಯಾಂಡ್ ತೆಗೆಯುವ ಖುಷಿಯೂ ಸಿಗುತ್ತದೆ, ಎಷ್ಟು ತೊಳೆಯಬೇಕು ಅನ್ನುವುದೂ ಗೊತ್ತಾಗುತ್ತದೆ. ಮನೆಗೆ ಹೋಗಿ ತಮ್ಮದನ್ನು ತೊಳೆಯುವಾಗ ಫೋನ್ ಮಾಡಿ ಕೇಳಬೇಕಾಗಿ ಬರುವುದಿಲ್ಲ.

ಎರಡನೆಯ ದಿನ ಉಣ್ಣೆ ನೂಲು. ವಿನೆಗರ್ ನೀರಿನಲ್ಲಿ ನೆನೆದ ಲಡಿಯನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿಸಿ, ಬೇಕಾದ ಕಡೆ ಬಣ್ಣ ಹಿಂಡಿ ಬೆರಳಿನಿಂದ ಒತ್ತಲು ಹೇಳಿ. ಮೇಲೆ ಬಣ್ಣವಾದರೂ ಅಡಿ ಬೆಳ್ಳಗಿರುತ್ತದೆ, ತಿರುವಿ ನೋಡಬೇಕು. ಹಾಳೆಯಲ್ಲೇ ಸುತ್ತಿ ಅರ್ಧ ಗಂಟೆ ಹಬೆಯಲ್ಲಿ ಇಟ್ಟು ಆರಿಸಿ. ಪರ್ಸೆಂಟ್ ಲೆಕ್ಕ ಹೇಳಿಕೊಡಲು ಆ ಅರ್ಧ ಗಂಟೆಗಿಂತ ಒಳ್ಳೆಯ ಹೊತ್ತಿಲ್ಲ. ತಮ್ಮ ನೂಲು ಹಬೆಯಲ್ಲಿರುವಾಗ ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ. ಅದೇ ಹೊತ್ತಿಗೆ ಕಪ್ಪು ದ್ರಾವಣದ ಒಂದು ಹನಿಯನ್ನು ಒದ್ದೆ ಫಿಲ್ಟರ್ ಪೇಪರ್ ಮೇಲೆ ಬಿಡಿ. ಹನಿ ಹರಡುತ್ತಾ ಅಂಚಿನಲ್ಲಿ ನೀಲಿ, ಕೆಂಪು, ಕೆಲವೊಮ್ಮೆ ಹಳದಿ ಬೇರೆ ಬೇರೆಯಾಗಿ ಕಾಣಿಸಿಕೊಳ್ಳುತ್ತವೆ. ಡಬ್ಬಿಯಲ್ಲಿ ಬರುವ ಹಲವು ಬಣ್ಣಗಳು ಮಿಶ್ರಣ ಅಂತ ಬಾಯಲ್ಲಿ ಹೇಳುವುದೇ ಬೇಡ.

ಕಲಿಯುವವರ ಕೆಲಸವನ್ನು ನೀವು ಮುಟ್ಟಬೇಡಿ. “ಇಲ್ಲಿ ನೀಲಿ ಹಾಕಿದರೆ ಚೆನ್ನಾಗಿರುತ್ತಾ?” ಅಂತ ಕೇಳಿದರೆ ಒಂದು ತುಂಡು ಬಟ್ಟೆ ಕೊಟ್ಟು “ಹಾಕಿ ನೋಡಿ” ಅನ್ನಿ. ನಿಮ್ಮ ಕಣ್ಣಿಗೆ ಒಪ್ಪದ ಜೋಡಿ ಅವರಿಗೆ ತುಂಬಾ ಬೇಕಾದದ್ದಿರಬಹುದು, ಅಲ್ವಾ? ಕೆಲವರು ಹೆದರಿ ಒಂದೊಂದೇ ಹನಿ ಬಿಡುತ್ತಾರೆ. ಅವರ ಮುಂದೆ ಸುಮ್ನೆ ಒಂದು ಹಳೆ ಬಟ್ಟೆಯ ಮೇಲೆ ಧಾರಾಳವಾಗಿ ಸುರಿದು ತೋರಿಸಿ. ಒದ್ದೆ ನೂಲು ನೋಡಿ “ತುಂಬಾ ಗಾಢವಾಯ್ತು” ಅಂತ ಬೇಸರ ಮಾಡಿಕೊಳ್ಳುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಒಂದೇ ಬಣ್ಣದ ಎರಡು ಎಳೆ, ಒಂದು ಒಣಗಿದ್ದು, ಒಂದು ಒದ್ದೆ, ಮೇಜಿನ ಮೇಲೆ ಇಟ್ಟಿರಿ. ಒಣಗಿದಾಗ ಎಷ್ಟು ತಿಳಿಯಾಗುತ್ತದೆ ಅಂತ ನೋಡಿದರೆ ಸಮಾಧಾನವಾಗುತ್ತದೆ.

ನನಗೆ ತುಂಬಾ ಇಷ್ಟದ ಪಾಠ ಮೂರನೆಯ ದಿನದ್ದು. ಆರು ಜನಕ್ಕೂ 10 ಗ್ರಾಂನ ಒಂದೊಂದು ಪುಟ್ಟ ಲಡಿ, ಒಂದೇ ಬಣ್ಣ. ಒಬ್ಬರಿಗೆ 0.1 ಪರ್ಸೆಂಟ್, ಮುಂದಿನವರಿಗೆ 0.25, ಆಮೇಲೆ 0.5, 1, 2, 4. ಅಂದರೆ ಮೊದಲಿನವರು ಸಿರಿಂಜಿನಲ್ಲಿ 1 ಮಿಲಿ ತೆಗೆದರೆ ಕೊನೆಯವರು 40 ಮಿಲಿ ತೆಗೆಯುತ್ತಾರೆ. ಲೆಕ್ಕ ಅವರೇ ಮಾಡಲಿ. ಎಲ್ಲ ಒಣಗಿದ ಮೇಲೆ ಒಬ್ಬೊಬ್ಬರ ಲಡಿಯಿಂದ ಆರು ತುಂಡು ಕತ್ತರಿಸಿ ಹಂಚಿಕೊಳ್ಳಿ. ಪ್ರತಿಯೊಬ್ಬರ ಕೈಯಲ್ಲೂ ಆರು ಛಾಯೆಗಳ ಒಂದು ಕಾರ್ಡ್ ಸಿದ್ಧವಾಗುತ್ತದೆ. ಮುಂದಿನ ಸಲ ಬೇರೆ ಬಣ್ಣ ತೆಗೆದುಕೊಳ್ಳಿ, ಇನ್ನೊಂದು ಕಾರ್ಡ್ ಸೇರುತ್ತದೆ.

ಕಾರ್ಡಿನ ಮೇಲೆ ನಾರು, ಒಣ ತೂಕ, ಬಣ್ಣದ ಹೆಸರು, ಪರ್ಸೆಂಟ್, ತಾರೀಖು ಬರೆಸಿ. ಲಡಿ ನೀರಿನಲ್ಲಿರುವಾಗ ಯಾರದ್ದು ಯಾವುದು ಅಂತ ತಿಳಿಯಲು ಹಳೆಯ ಪ್ಲಾಸ್ಟಿಕ್ ಡಬ್ಬಿ ಕತ್ತರಿಸಿ ಚೀಟಿ ಮಾಡಿ, ಅಳಿಸದ ಪೆನ್ನಿನಲ್ಲಿ ಹೆಸರು ಬರೆದು ಕಟ್ಟಿ. ಒಂದು ತಿಂಗಳು ಬಿಟ್ಟು ಅವರನ್ನು ಮತ್ತೆ ಕರೆಯಿರಿ. ಹೊಸದೇನೂ ಹೇಳಿಕೊಡಬೇಡಿ. ತಮ್ಮ ಕಾರ್ಡಿನಿಂದ ಒಂದು ಛಾಯೆ ಆರಿಸಿಕೊಂಡು, 100 ಗ್ರಾಂ ಲಡಿಗೆ ಅದೇ ಬಣ್ಣ ತರಲು ಹೇಳಿ. ತೂಕ, ಲೆಕ್ಕ, ಉರಿ ಎಲ್ಲ ಅವರದೇ. ಒಣಗಿದ ಲಡಿಯನ್ನು ಕಾರ್ಡಿನ ಎಳೆಯ ಪಕ್ಕ ಇಟ್ಟು ಹೊಂದುತ್ತದಾ ಅಂತಲೂ ಅವರೇ ನೋಡಲಿ. ಹೊಂದಿದರೆ, ಮುಂದಿನ ತರಗತಿಯಲ್ಲಿ ದ್ರಾವಣ ಮಾಡುವ ಕೆಲಸವನ್ನು ಅವರಿಗೇ ಕೊಡಿ.